ಬಿಸಿಗೂ ಒಂದು ಬಾಗಿಲು ಬೇಕು

ನಮ್ಮ ವಿಜಯಪುರದ ಬೇಸಿಗೆಯ ಬಗ್ಗೆ ಹೊರಗಿನವರಿಗೆ ಹೇಳಿ ನಂಬಿಸುವುದು ಕಷ್ಟ. ಮಾರ್ಚ್ ಮುಗಿಯುವುದರೊಳಗೆ ಮಧ್ಯಾಹ್ನದ ರಸ್ತೆಗಳು ಖಾಲಿಯಾಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ ಇಲ್ಲಿ ಯಾರಿಗೂ ಅದು ಸುದ್ದಿಯಲ್ಲ. ಇಂಥ ಊರಿನಲ್ಲಿ ಮನೆ ಮಾಡಿಕೊಂಡು, ದಿನಾ ಬಬಲೇಶ್ವರಕ್ಕೆ ಬಸ್ಸಿನಲ್ಲಿ ಹೋಗಿ ಬಂದು, ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿರುವವನು ನಾನು. ಇಪ್ಪತ್ತೆಂಟು ವರ್ಷದ ಸರ್ವೀಸು. ವಹನ, ಸಂವಹನ, ವಿಕಿರಣ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಆ ಪಾಠ ನನಗೇ ಪೂರ್ತಿ ತಿಳಿದಿರಲಿಲ್ಲವೆಂಬುದು ಗೊತ್ತಾದದ್ದು ಕಳೆದ ಏಪ್ರಿಲ್ ತಿಂಗಳಲ್ಲಿ, ಎಣ್ಣೆ ಡಬ್ಬಿಯಷ್ಟಿದ್ದ ಒಂದು ಕಂಪ್ಯೂಟರಿನ ಮುಂದೆ.

ಆ ಕಂಪ್ಯೂಟರು ನನ್ನ ಮಗನದು. ಅವನು ಪಿಯುಸಿಯಲ್ಲಿ ನಾನು ಬಯಸಿದಷ್ಟು ಅಂಕ ತರಲಿಲ್ಲ. ಎಂಜಿನಿಯರಿಂಗ್ ಬಿಟ್ಟು ಬಿಸಿಎ ಸೇರಿದ. ವಿಜ್ಞಾನ ಮಾಸ್ತರನ ಮಗ ಹೀಗೇಕೆ ಮಾಡಿದ ಎಂದು ನಾಲ್ಕು ಮಂದಿ ಕೇಳಿದರು. ಅವರಿಗಿಂತ ಹೆಚ್ಚು ಸಲ ನಾನೇ ಅವನನ್ನು ಕೇಳಿದೆ. ಆಮೇಲೆ ನಮ್ಮಿಬ್ಬರ ನಡುವೆ 'ಊಟ ಆತೇನು', 'ಬಾಗಿಲಾ ಹಾಕು' ಎಂಬಷ್ಟೇ ಮಾತು ಉಳಿಯಿತು. ಎರಡು ವರ್ಷ ಅಂಗಡಿಯೊಂದರಲ್ಲಿ ಸಂಜೆ ಕೆಲಸ ಮಾಡಿ ಕೂಡಿಟ್ಟ ಹಣಕ್ಕೆ ಅವನ ಅವ್ವ ತನ್ನ ಹೊಲಿಗೆಯ ದುಡ್ಡು ಸೇರಿಸಿದಳು. ಆ ಹಣದಲ್ಲಿ ಬಿಡಿಭಾಗಗಳನ್ನು ತರಿಸಿ, ತಾನೇ ಜೋಡಿಸಿ, ಒಂದು ದಿನ ಈ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ನಾನು ಅದಕ್ಕೆ 'ಆಟದ ಪೆಟ್ಟಿಗಿ' ಎಂದು ಹೆಸರಿಟ್ಟೆ. ಆಟವನ್ನೂ ಆಡುತ್ತಿದ್ದ, ಸುಳ್ಳಲ್ಲ. ಆದರೆ ಅದೇ ಯಂತ್ರದಲ್ಲಿ ಮೂರು ಆಯಾಮದ ಚಲಿಸುವ ಚಿತ್ರಗಳನ್ನು ಮಾಡಲು ಕಲಿಯುತ್ತಿದ್ದನೆಂಬುದನ್ನು ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಪೆಟ್ಟಿಗೆ ಇಷ್ಟು ಸಣ್ಣದೇಕೆ ಎಂದು ನಿಮಗೂ ಅನ್ನಿಸಬಹುದು. ನಮ್ಮದು ಹಳೆಯ ಕಲ್ಲಿನ ಮನೆ, ಎರಡೇ ಕೋಣೆ. ಇರುವ ಒಂದು ಮೇಜಿನಲ್ಲಿ ಅರ್ಧ ಹೊಲಿಗೆ ಯಂತ್ರದ್ದು. ಉಳಿದ ಅರ್ಧದಲ್ಲಿ ದೊಡ್ಡ ಕಂಪ್ಯೂಟರು ಕೂಡುವುದಿಲ್ಲ. ಈ ಸಣ್ಣ ಯಂತ್ರಗಳ ಒಳಗಿನ ಮುಖ್ಯ ಫಲಕ 17 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ. ಮಿನಿ ಐಟಿಎಕ್ಸ್ ಎಂದು ಅದರ ಹೆಸರು. ತೈವಾನಿನ ವಿಯಾ ಎಂಬ ಕಂಪನಿ 2001ರಲ್ಲಿ ತಂದ ಅಳತೆ ಇದು. ಅದರ ಸುತ್ತ ಕಟ್ಟಿದ ಮಗನ ಪೆಟ್ಟಿಗೆಯ ಗಾತ್ರ ಸುಮಾರು 18 ಲೀಟರ್. ಹದಿನೈದು ಕಿಲೋ ಎಣ್ಣೆಯ ತಗಡಿನ ಡಬ್ಬಿ ನೋಡಿದ್ದೀರಲ್ಲ, ಹತ್ತಿರ ಹತ್ತಿರ ಅಷ್ಟೇ.

ಡಿಸೆಂಬರಿನಲ್ಲಿ ಯಂತ್ರ ಚೆನ್ನಾಗಿಯೇ ನಡೆಯಿತು. ಮಾರ್ಚ್ ಕೊನೆಯಲ್ಲಿ ತಡವರಿಸತೊಡಗಿತು. ಏಪ್ರಿಲ್ ಮೊದಲ ವಾರ ಒಂದು ಮಧ್ಯಾಹ್ನ ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿದರೆ ಹತ್ತು ನಿಮಿಷಕ್ಕೆ ಮತ್ತೆ ಆರಿತು. ಬಹಳ ದಿನಗಳ ಮೇಲೆ ಮಗ ತಾನಾಗಿ ನನ್ನ ಬಳಿ ಬಂದ.

"ಅಪ್ಪಾ, ಸಾಲ್ಯಾಗ ಹೀಟ್ ಪಾಠ ನೀವ ಹೇಳ್ತೀರಲ್ಲ. ಇದ್ಯಾಕ ಇಷ್ಟ ಕಾಯ್ತದ, ಒಂದೀಟು ನೋಡ್ರಿ."

ನಾನು ನೋಡಿದೆ. ಪೆಟ್ಟಿಗೆ ಮೇಜಿನ ಮೇಲಿರಲಿಲ್ಲ, ಗೋಡೆಯ ಕಪಾಟಿನಲ್ಲಿತ್ತು. ಅಲ್ಲಿಡಿಸಿದವನು ನಾನೇ! ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಬೇಸಿಗೆಯಲ್ಲಿಯೂ ಮುಟ್ಟಿದರೆ ತಂಪು. ಧೂಳು ಬೀಳಬಾರದೆಂದು ಅವನ ಅವ್ವ ಮುಂದೊಂದು ಪರದೆ ಹೊಲಿದು ಹಾಕಿದ್ದಳು. ನನ್ನ ತಲೆಯಲ್ಲಿದ್ದದ್ದು ಗೋಳಗುಮ್ಮಟದ ಲೆಕ್ಕ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಹೇಳುತ್ತೇನೆ: ಗೋಡೆ ಸುಮಾರು 3 ಮೀಟರ್ ದಪ್ಪ. ಹೊರಗಿನ ಬಿಸಿಲಿನ ಕಾವು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ಅದಕ್ಕೇ ಒಳಗೆ ತಂಪು ಎಂದು. ಗುಮ್ಮಟಕ್ಕೆ ಒಪ್ಪುವುದು ಕಂಪ್ಯೂಟರಿಗೂ ಒಪ್ಪುತ್ತದೆಂದುಕೊಂಡೆ. ಒಂದು ವ್ಯತ್ಯಾಸ ಹೊಳೆಯಲಿಲ್ಲ. ಗುಮ್ಮಟದಲ್ಲಿ ಬಿಸಿ ಹೊರಗಿದೆ, ಒಳಗೆ ಬರದಂತೆ ತಡೆಯಬೇಕು. ಕಂಪ್ಯೂಟರಿನಲ್ಲಿ ಬಿಸಿ ಹುಟ್ಟುವುದೇ ಒಳಗೆ. ಅಲ್ಲಿ ದಪ್ಪ ಗೋಡೆ ಕಾವಲುಗಾರನಲ್ಲ, ಜೈಲರ್!

ಈ ಯಂತ್ರದ ಬುದ್ಧಿಯೆಂದರೆ ಪ್ರೊಸೆಸರ್. ಮಗ ಹಾಕಿದ್ದರ ಮೇಲೆ 65 ವ್ಯಾಟ್ ಎಂದು ಬರೆದಿತ್ತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ 115 ವ್ಯಾಟ್. ಉಳಿದದ್ದೆಲ್ಲ ಸೇರಿಸಿದರೆ ಜೋರು ಕೆಲಸದಲ್ಲಿ 200 ವ್ಯಾಟ್ ಎಂದಿಟ್ಟುಕೊಳ್ಳಿ. ಈ ವಿದ್ಯುತ್ತು ಲೆಕ್ಕ ಮಾಡಿ, ಚಿತ್ರ ಮಾಡಿ, ಕೊನೆಗೆ ಏನಾಗುತ್ತದೆ? ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗುತ್ತದೆ. ಹಳೆಯ ಕಾಲದ ನೂರು ವ್ಯಾಟಿನ ಎರಡು ಬಲ್ಬುಗಳನ್ನು ಎಣ್ಣೆ ಡಬ್ಬಿಯೊಳಗೆ ಉರಿಸಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಪರದೆ ಎಳೆದಂತೆ ನಾವು ಮಾಡಿದ್ದೆವು.

ಆದರೆ ಇದು ನನಗೆ ಆ ದಿನವೇ ತಿಳಿಯಲಿಲ್ಲ. ಮಾಸ್ತರನಲ್ಲವೇ, ಉತ್ತರ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಪೆಟ್ಟಿಗೆಯಲ್ಲಿ ನಾಲ್ಕು ಸಣ್ಣ ಫ್ಯಾನುಗಳಿದ್ದವು, ಕೆಳಗೆ ಎರಡು, ಮೇಲೆ ಎರಡು. "ಮ್ಯಾಲಿನ ಎರಡೂ ತಿರುವಿ ಹಾಕು. ನಾಕೂ ಒಳಗ ಗಾಳಿ ಊದಲಿ. ಗಾಳಿ ಹೆಚ್ಚಾದಷ್ಟೂ ತಂಪು" ಎಂದೆ. ಅವನಿಗೆ ಅನುಮಾನವಿತ್ತು. ಆದರೂ ಅಪ್ಪ ಹೇಳಿದ್ದೆಂದು ಹಾಗೆಯೇ ಮಾಡಿದ.

ಮರುದಿನ ರಾತ್ರಿ ಅವನ ಕಾಲೇಜಿನ ಪ್ರಾಜೆಕ್ಟು ತಯಾರಾಗಬೇಕಿತ್ತು. ಎರಡು ನಿಮಿಷದ ಚಿತ್ರಕ್ಕೆ ಯಂತ್ರ ಐದಾರು ತಾಸು ಬಿಡದೆ ದುಡಿಯಬೇಕಂತೆ. ರಾತ್ರಿ ಒಂದು ಗಂಟೆಗೆ ಅದು ಆರಿಹೋಯಿತು. ಅದುವರೆಗಿನ ಕೆಲಸವೂ ಹೋಯಿತು. ನಾನು ಎದ್ದು ಬಂದಾಗ ಅವನು ಕತ್ತಲಲ್ಲಿ ಸುಮ್ಮನೆ ಕುಳಿತಿದ್ದ. ಬೈಯಲಿಲ್ಲ, ಸಿಟ್ಟಾಗಲಿಲ್ಲ. "ಇರ್ಲಿ ಬಿಡ್ರಿ ಅಪ್ಪಾ" ಎಂದಷ್ಟೇ ಅಂದ. ಅವನು ಬೈದಿದ್ದರೇ ಚೆನ್ನಾಗಿತ್ತು. ಬೆಳಿಗ್ಗೆ ಗೆಳೆಯನ ಮನೆಗೆ ಹೋಗಿ, ಇಡೀ ದಿನ ಕುಳಿತು, ಹೇಗೋ ಮುಗಿಸಿ ಕೊಟ್ಟುಬಂದ.

ಆ ಭಾನುವಾರ ಇಬ್ಬರೂ ತಿಕೋಟಾಕ್ಕೆ ಹೋಗಬೇಕಾಯಿತು. ಅಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಗಂಡ, ನಮ್ಮ ಮಾಮಾ, ಮೂರು ಎಕರೆಯಲ್ಲಿ ದ್ರಾಕ್ಷಿ ಮಾಡಿದ್ದಾರೆ. ಆ ಕಡೆಯ ಬಹಳ ರೈತರಂತೆ ಹಣ್ಣನ್ನು ಹಸಿಯಾಗಿ ಮಾರದೆ ಮಣೂಕ ಮಾಡುತ್ತಾರೆ. ಕೊನೆಯ ಲಾಟು ಶೆಡ್ಡಿನಲ್ಲಿತ್ತು, ಆಳು ಸಿಕ್ಕಿರಲಿಲ್ಲ, ಬರಲು ಹೇಳಿದ್ದರು.

ಮಣೂಕದ ಶೆಡ್ಡು ನೋಡದವರಿಗಾಗಿ ಎರಡು ಮಾತು. ಕಬ್ಬಿಣದ ಕಂಬಗಳಿಗೆ ಹತ್ತು ಹನ್ನೆರಡು ಅಂತಸ್ತಾಗಿ ಬಲೆ ಕಟ್ಟಿರುತ್ತಾರೆ. ಮೇಲೆ ಹೊದಿಕೆ, ಪಕ್ಕಕ್ಕೆ ನೆರಳಿನ ಬಲೆ. ದ್ರಾಕ್ಷಿಯ ಮೈಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣದ ಪದರ ಇರುತ್ತದೆ. ಒಳಗಿನ ನೀರು ಬೇಗ ಹೊರಬರಲು ಅದು ಬಿಡುವುದಿಲ್ಲ. ಅದಕ್ಕೇ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಎಂಬ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ನೇರ ಬಿಸಿಲು ಬಿದ್ದರೆ ಬಣ್ಣ ಕೆಡುತ್ತದೆ, ಹಾಗಾಗಿ ನೆರಳಿನಲ್ಲಿಯೇ ಒಣಗಬೇಕು. ಸುಮಾರು ಎರಡು ವಾರದಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಉಳಿದ ಮೂರು ಕಿಲೋ ನೀರನ್ನು ಹೊತ್ತೊಯ್ಯುವುದು ಯಾವ ಯಂತ್ರವೂ ಅಲ್ಲ, ಬರೀ ಗಾಳಿ.

ನಾವು ಹೋದ ದಿನ ಮಧ್ಯಾಹ್ನ ಪಡುವಣದಲ್ಲಿ ಮೋಡ ಎದ್ದಿತು. ಒಣಗುವ ಹಣ್ಣಿಗೆ ಮಳೆ ತಗುಲಿದರೆ ವರ್ಷದ ದುಡಿಮೆ ಹೋದಂತೆ. ಎಲ್ಲರೂ ಓಡಿ ಪಕ್ಕದ ತಾಡಪತ್ರಿಗಳನ್ನು ಇಳಿಸಿ ಕಟ್ಟಿದೆವು. ಅರ್ಧ ತಾಸು ಕಾದೆವು. ನಾಲ್ಕು ಹನಿ ಉದುರಿಸಿ ಮೋಡ ಹೋಯಿತು. ಬೆವರು ಒರೆಸಿಕೊಳ್ಳುತ್ತ ಕೂಡಬೇಕೆನ್ನುವಷ್ಟರಲ್ಲಿ ಮಾಮಾ ಕೂಗಿದರು.

"ಏ, ಕೂತೀರೇನು? ಮದಲ ಎತ್ತರಿ ಅವನ್ನ!"

"ಮತ್ತ ಮಳಿ ಬಂದ್ರ?" ಎಂದೆ.

"ಬಂದಾಗ ಇಳಸೂಣು. ಮುಚ್ಚಿ ಇಟ್ರ ಹಣ್ಣಿನ ಹಸಿ ಒಳಗ ಉಳಿತೈತಿ, ಎಲ್ಲಾ ಕಪ್ಪ ಆಗತೈತಿ. ಒಳಗ ಹೋಗಿ ನೋಡ್ರಿ ಮಾಸ್ತರ."

ಒಳಗೆ ಹೋದೆ. ಅರ್ಧ ತಾಸಿನಲ್ಲಿ ಆ ಶೆಡ್ಡು ಅಡುಗೆ ಮನೆಯ ಉಗಿಯಂತಾಗಿತ್ತು. ಒಂದು ಮಗ್ಗುಲಿನ ತಾಡಪತ್ರಿ ಎತ್ತಿದೆವು. ಆ ಮಗ್ಗುಲಿನಿಂದ ಗಾಳಿ ಜೋರಾಗಿ ಬೀಸುತ್ತಿದ್ದರೂ ಒಳಗಿನ ಉಗಿ ಅಲುಗಲಿಲ್ಲ. ಎದುರಿನ ಮಗ್ಗುಲನ್ನು ಎತ್ತಿದ್ದೇ ತಡ, ಇಡೀ ಶೆಡ್ಡು ಉಸಿರುಬಿಟ್ಟಂತೆ ಗಾಳಿ ಹಾಯಿತು. ಮಾಮಾ ನಕ್ಕರು. "ಗಾಳಿ ಬರೂದಕ್ಕ ಯಾರೂ ತ್ರಾಸ ತಗೋಬೇಕಾಗಿಲ್ಲ ಮಾಸ್ತರ. ಹೋಗೂದಕ್ಕ ಹಾದಿ ಮಾಡಬೇಕು. ಹೋಗೂ ಹಾದಿ ಇದ್ರ ಬರೂದು ತಾನ ಬರತೈತಿ."

ನಾನು ಮಗನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ. ನಾಲ್ಕು ಫ್ಯಾನುಗಳು ಇಬ್ಬರಿಗೂ ಒಟ್ಟಿಗೇ ನೆನಪಾಗಿದ್ದವು.

ಅಂದು ಬಸ್ಸಿನಲ್ಲಿ ವಿಜಯಪುರ ಮುಟ್ಟುವವರೆಗೆ ನಾವು ಆಡಿದ ಮಾತು ಹಿಂದಿನ ಒಂದು ವರ್ಷದಲ್ಲಿ ಆಡಿರಲಿಲ್ಲ. ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆವು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4,200 ಜೂಲ್ ಬೇಕು. ಒಂದು ಲೀಟರ್ ಗಾಳಿಗೆ ಒಂದು ಜೂಲಿಗಿಂತ ತುಸು ಹೆಚ್ಚು ಸಾಕು. ಅಂದರೆ ಗಾಳಿ ಬಹಳ ಬಡ ಹಮಾಲ, ಒಂದು ಸಲಕ್ಕೆ ಅದು ಹೊರುವ ಬಿಸಿ ಅತಿ ಕಡಿಮೆ. 200 ವ್ಯಾಟ್ ಎಂದರೆ ಸೆಕೆಂಡಿಗೆ 200 ಜೂಲ್. ಪೆಟ್ಟಿಗೆಯೊಳಗೆ ಬಂದ ಗಾಳಿ ಹತ್ತು ಡಿಗ್ರಿಗಿಂತ ಹೆಚ್ಚು ಕಾಯಬಾರದು ಎಂದಿಟ್ಟುಕೊಂಡರೆ ಪ್ರತಿ ಸೆಕೆಂಡಿಗೆ ಸುಮಾರು 18 ಲೀಟರ್ ಗಾಳಿ ಹಾದುಹೋಗಬೇಕು. ಪೆಟ್ಟಿಗೆಯ ಗಾತ್ರವೇ 18 ಲೀಟರ್! ಒಂದೊಂದು ಸೆಕೆಂಡಿಗೂ ಇಡೀ ಪೆಟ್ಟಿಗೆಯ ಗಾಳಿ ಬದಲಾಗಬೇಕು. ಅಂಥದ್ದನ್ನು ನಾವು ಕಪಾಟಿನೊಳಗಿಟ್ಟು, ಹೋಗುವ ಹಾದಿಗೂ ಎದುರು ಫ್ಯಾನು ಹಚ್ಚಿದ್ದೆವು. ಅದು ಕಾಯದೆ ಇನ್ನೇನು ಮಾಡೀತು?

ಮರುದಿನದಿಂದ ಕ್ರಮವಾಗಿ ಕೆಲಸಕ್ಕೆ ತೊಡಗಿದೆವು. ಶಾಲೆಗೆ ಬೇಸಿಗೆ ರಜೆ. ಒಂದು ಪ್ರಯೋಗದ ವಹಿ ಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಅದೇ ಕೆಲಸ, ಅರ್ಧ ತಾಸಿನ ನಂತರ ಅಂಕಿ ಬರೆಯುವುದು ಎಂದು ನೇಮ ಮಾಡಿಕೊಂಡೆವು. ಪ್ರೊಸೆಸರಿನ ತಾಪವನ್ನು ಕಂಪ್ಯೂಟರೇ ತೋರಿಸುತ್ತದೆ. ಕೋಣೆಯ ತಾಪಕ್ಕೆ ನನ್ನ ಉಷ್ಣಮಾಪಕ.

ಕಪಾಟಿನಲ್ಲಿದ್ದಾಗ ಕೋಣೆ 38 ಡಿಗ್ರಿ, ಪರದೆಯ ಹಿಂದೆ 49, ಪ್ರೊಸೆಸರ್ 95. ಇಂಥ ಪ್ರೊಸೆಸರುಗಳು 90-95ರ ಸುಮಾರಿಗೆ ಬಂದಾಗ ಮೊದಲು ತಮ್ಮ ಓಟ ತಗ್ಗಿಸಿಕೊಳ್ಳುತ್ತವೆ. ಅಷ್ಟರಲ್ಲೂ ನಿಭಾಯಿಸಲಾಗದಿದ್ದರೆ ಜೀವ ಉಳಿಸಿಕೊಳ್ಳಲು ಆರಿಬಿಡುತ್ತವೆ. ನಾವು ಕೆಟ್ಟಿತು ಎಂದುಕೊಂಡದ್ದು ಅದರ ಜಾಣತನವಾಗಿತ್ತು.

ಪೆಟ್ಟಿಗೆಯನ್ನು ಹೊರಗೆ ತಂದು, ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಕೆಳಗೆ ಗಾಳಿ ಸೇರಲು ಎರಡು ಮರದ ತುಂಡು ಕೊಟ್ಟು, ಮೇಲಿನ ಫ್ಯಾನುಗಳನ್ನು ಹೊರಮುಖ ಮಾಡಿದೆವು. ಬಿಸಿಗಾಳಿ ಹಗುರ, ತಾನೇ ಮೇಲೇರುತ್ತದೆ. ಫ್ಯಾನು ಅದಕ್ಕೆ ಎದುರಾಗದೆ ಜೊತೆಯಾದರೆ ಒಳ್ಳೆಯದು. ಪ್ರೊಸೆಸರ್ 87ಕ್ಕೆ ಇಳಿಯಿತು.

ಎರಡನೆಯದು ಲೇಪ. ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹದ ಶೀತಕ ಹೀರಿಕೊಳ್ಳಬೇಕು. ಕಣ್ಣಿಗೆ ಎರಡೂ ನುಣುಪು, ಆದರೆ ನಡುವೆ ಕೂದಲಿಗಿಂತ ಸಣ್ಣ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ತಾಮ್ರ ಬಿಸಿಯನ್ನು ಸಾಗಿಸುವ ಶಕ್ತಿ ನಿಂತ ಗಾಳಿಯದಕ್ಕಿಂತ ಸುಮಾರು ಹದಿನೈದು ಸಾವಿರ ಪಟ್ಟು ಹೆಚ್ಚು. ಹಾಗಾಗಿ ಆ ಗಾಳಿಯ ಪದರ ದ್ರಾಕ್ಷಿಯ ಮೇಣವಿದ್ದ ಹಾಗೆ, ಹಾದಿಗೆ ಅಡ್ಡ. ಅದನ್ನು ತುಂಬಲು ಒಂದು ಲೇಪ ಹಚ್ಚುತ್ತಾರೆ. ಮಗ ಅದನ್ನು ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ ಒಂದೇ ಮಗ್ಗುಲಿಗೆ ಮೆತ್ತಿದ್ದ, ಇನ್ನೊಂದು ಮೂಲೆ ಒಣಗಿಯೇ ಇತ್ತು. ಒರೆಸಿ ತೆಗೆದು, ನಡುವೆ ಬಟಾಣಿಗಿಂತ ಸಣ್ಣ ಹನಿ ಇಟ್ಟು, ಶೀತಕವನ್ನು ನಾಲ್ಕೂ ಕಡೆ ಸಮನಾಗಿ ಬಿಗಿದ. 84 ಆಯಿತು.

ಮೂರನೆಯದನ್ನು ಹೇಳಿಕೊಟ್ಟವನು ಅವನು. "ಬಿಸಿ ಹೊರಗ ಹಾಕೂದು ಅಷ್ಟ ಅಲ್ರಿ ಅಪ್ಪಾ, ಕಡಿಮಿ ಹುಟ್ಟೂ ಹಂಗೂ ಮಾಡಬಹುದು" ಎಂದ. ಚಿಪ್ಪಿಗೆ ಕೊಡುವ ವೋಲ್ಟೇಜನ್ನು ತುಸು ತಗ್ಗಿಸುವುದು. ಅದರ ಓಟದಲ್ಲಿ ವ್ಯಯವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಶಕ್ತಿ ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ: 0.9ರ ವರ್ಗ 0.81. ಇಳಿಸುತ್ತ ಹೋದಂತೆ ಯಂತ್ರ ತಪ್ಪದೆ ನಡೆಯುತ್ತದೆಯೇ ಎಂದು ಪರೀಕ್ಷಿಸುತ್ತ ಹೋಗಬೇಕು, ಅಷ್ಟೆ. ಇನ್ನೊಂದು, ಅವನ ಪರದೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲುದು. ಆಟದಲ್ಲಿ ಯಂತ್ರ 140 ಚಿತ್ರ ಬರೆದು ಉಳಿದದ್ದನ್ನು ವ್ಯರ್ಥ ಮಾಡುತ್ತಿತ್ತು. 60ಕ್ಕೆ ಮಿತಿ ಹಾಕಿದ. ಆಟದ ಸೊಗಸು ಕಣ್ಣಿಗೆ ಕಡಿಮೆಯಾಗಲಿಲ್ಲ. ಕೋಣೆ 39 ಡಿಗ್ರಿ ಇದ್ದ ಮಧ್ಯಾಹ್ನ ಪ್ರೊಸೆಸರ್ 77ರಲ್ಲಿ ನಿಂತಿತು.

ಡಿಸೆಂಬರಿನಲ್ಲಿ ಯಂತ್ರ ಯಾಕೆ ಆರಲಿಲ್ಲ ಎಂಬುದಕ್ಕೂ ವಹಿಯಲ್ಲಿ ಉತ್ತರವಿತ್ತು. ಯಂತ್ರ ಅಷ್ಟೇ ಬಿಸಿ ಹುಟ್ಟಿಸುತ್ತಿದ್ದರೆ, ಫ್ಯಾನು ಅಷ್ಟೇ ತಿರುಗುತ್ತಿದ್ದರೆ, ಕೋಣೆಗೂ ಚಿಪ್ಪಿಗೂ ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೋಣೆ 24 ಇದ್ದದ್ದು 39 ಆದರೆ ಆ ಹದಿನೈದು ಡಿಗ್ರಿ ಚಿಪ್ಪಿಗೂ ಏರುತ್ತದೆ. ತಂಪು ಊರಿನಲ್ಲಿ ಕುಳಿತು 'ಈ ಪೆಟ್ಟಿಗೆ ಚೆನ್ನಾಗಿದೆ' ಎಂದು ಹೇಳಿದವರ ಮಾತು ಸುಳ್ಳಲ್ಲ, ಆದರೆ ಅದಕ್ಕೆ ವಿಜಯಪುರದ ಬಿಸಿಲನ್ನು ಕೂಡಿಸಿಕೊಳ್ಳಬೇಕು.

ಪಾಲಕರಿಗೆ ಇಲ್ಲಿ ಒಂದೆರಡು ಮಾತು. ಮಕ್ಕಳ ಯಂತ್ರ ಓಡುತ್ತಿರುವಾಗ ಧೂಳಿಗೆ ಹೆದರಿ ಬಟ್ಟೆ ಮುಚ್ಚಬೇಡಿ. ಬದಲಿಗೆ ವಾರಕ್ಕೊಮ್ಮೆ ಪ್ಲಗ್ ಕಿತ್ತು, ಜಾಳಿಗೆಯ ಧೂಳನ್ನು ಬ್ರಶ್ಶಿನಿಂದ ತೆಗೆಸಿ. ನಮ್ಮೂರಿನ ಧೂಳಿಗೆ ಹದಿನೈದು ದಿನ ಬಿಟ್ಟರೂ ಗಾಳಿಯ ಹಾದಿ ಕಟ್ಟುತ್ತದೆ. ವಿದ್ಯುತ್ ಪೂರೈಸುವ ಒಳಗಿನ ಡಬ್ಬಿಯನ್ನು ಮಾತ್ರ ಬಿಚ್ಚಲು ಬಿಡಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಕೂಲರಿನ ಹಸಿಗಾಳಿಯನ್ನು ನೇರವಾಗಿ ಯಂತ್ರದ ಮೇಲೆ ಬಿಡುವುದೂ ಬೇಡ. ಕೋಣೆಗೆ ಕೂಲರ್ ಹಚ್ಚಿದರೆ ಒಂದು ಕಿಟಕಿ ತೆರೆದಿರಲಿ. ಎಲ್ಲವನ್ನೂ ಮುಚ್ಚಿದರೆ ಹಸಿ ತುಂಬಿ ಕೂಲರೇ ಸೋಲುತ್ತದೆ. ಅಲ್ಲಿಯೂ ಮಾಮಾನ ಮಾತೇ.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಮಗನಿಗೆ "ಒಂದಿನ ನಮ್ಮ ಸಾಲಿಗೆ ಬರ್ತೀಯೇನು?" ಎಂದು ಕೇಳಿದೆ. ಬಂದ. ಬೆನ್ನಿನ ಚೀಲದಲ್ಲಿ ಕಂಪ್ಯೂಟರು ಹೊತ್ತು ಬಬಲೇಶ್ವರದ ಬಸ್ಸು ಹತ್ತಿದ. ಮೊದಲು ನಾನು ಒಂದು ರಟ್ಟಿನ ಡಬ್ಬಿಯಲ್ಲಿ ಮೇಣಬತ್ತಿ ಹಚ್ಚಿ, ಕೆಳಗೊಂದು ಮೇಲೊಂದು ತೂತು ಮಾಡಿ, ಕೆಳಗಿನದರ ಬಳಿ ಊದುಬತ್ತಿ ಹಿಡಿದೆ. ಹೊಗೆ ಕೆಳಗೆ ಒಳಹೋಗಿ ಮೇಲೆ ಹೊರಬಂತು. ಮೇಲಿನ ತೂತನ್ನು ಬೆರಳಿನಿಂದ ಮುಚ್ಚಿದೆ, ಕೆಳಗಿನ ಹೊಗೆಯೂ ಒಳಗೆ ಹೋಗಲೊಲ್ಲದು. ಆಮೇಲೆ ಅದೇ ಊದುಬತ್ತಿಯನ್ನು ಮಗ ತನ್ನ ಪೆಟ್ಟಿಗೆಯ ಬಳಿ ಹಿಡಿದು ತೋರಿಸಿದ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಸಂವಹನದ ಪಾಠಕ್ಕೆ ಮಕ್ಕಳು ಇಷ್ಟು ಹತ್ತಿರ ಬಂದು ನಿಂತದ್ದಿಲ್ಲ. ಅವನು ಮಕ್ಕಳಿಗೆ ನಿಧಾನವಾಗಿ, ಚೆನ್ನಾಗಿ ಹೇಳುತ್ತಿದ್ದ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಪೆಟ್ಟಿಗಿಯಿಂದ ಹೊರಗ ಬಂದ ಬಿಸಿ ಆಮ್ಯಾಲ ಎಲ್ಲಿಗೆ ಹೋಗ್ತದ್ರಿ?"

"ಕೋಣೆಗೆ" ಎಂದ ಮಗ.

"ಮತ್ತ ಕೋಣಿಯಿಂದರಿ?"

ಅವನು ನನ್ನ ಕಡೆ ನೋಡಿದ. ನಮ್ಮ ವಹಿಯಲ್ಲಿ ಅದಕ್ಕೆ ಉತ್ತರ ಬರೆದಿರಲಿಲ್ಲ. ಈ ಸಲ ನನಗೆ ನಾಲಿಗೆ ಎಳೆಯಲಿಲ್ಲ. "ಅದನ್ನ ನಾವಿಬ್ಬರೂ ಇನ್ನಾ ವಿಚಾರ ಮಾಡಿಲ್ಲವ್ವಾ" ಎಂದೆ. ತರಗತಿ ನಕ್ಕಿತು.

ಸಂಜೆ ಮನೆಗೆ ಬಂದು ಇಬ್ಬರೂ ತಲೆ ಎತ್ತಿ ನೋಡಿದೆವು. ನಮ್ಮ ಹಳೆಯ ಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ. ಒಲೆಯ ಹೊಗೆಗೂ ಕಾವಿಗೂ ನಮ್ಮ ಅಜ್ಜ ಮಾಡಿಸಿದ್ದು. ಗ್ಯಾಸು ಬಂದ ಮೇಲೆ, ಧೂಳು ಬೀಳುತ್ತದೆಂದು ನಾನೇ ಸಿಮೆಂಟ್ ಶೀಟು ಮುಚ್ಚಿ ಕಲ್ಲು ಹೇರಿದ್ದೆ. ಏಣಿ ತಂದು ಅವನು ಮೇಲೆ ಹತ್ತಿದ, ನಾನು ಕೆಳಗೆ ಹಿಡಿದೆ. ಶೀಟು ಸರಿಸಿ, ಸಣ್ಣ ಜಾಳಿಗೆ ಕೂಡಿಸಿದೆವು. ಮಳೆಗಾಲ ಬಂದಿದೆ. ಹನಿ ಬಿದ್ದಾಗ ಮುಚ್ಚುವ ಕೆಲಸ ನನ್ನದು, ಮಳೆ ನಿಂತ ಕೂಡಲೇ ತೆರೆಯುವ ಕೆಲಸ ಅವನದು ಎಂದು ಮಾತಾಗಿದೆ.